ಹುಳು ಹಣ್ಣಾದ ದಿನ ಸಿಕ್ಕ ಡಕಾಯಿತ

1958ರಲ್ಲಿ ನಾನು ಆಗಿನ ಕೋಲಾರ ಜಿಲ್ಲೆಯ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಠಾಣೆಯ ಹೆಸರು ಹೇಳುವುದಿಲ್ಲ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಈ ಕಥೆಯಲ್ಲಿ ಬರುವ ಮೇಲಧಿಕಾರಿಯ ಹೆಸರನ್ನೂ ಹೇಳುವುದಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳು ಮೊಮ್ಮಕ್ಕಳು ಚೆನ್ನಾಗಿದ್ದಾರೆ. ಹೆಸರು ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳುತ್ತೇನೆ. ನನಗೆ ಪೆನ್ಷನ್ ಬರುತ್ತಿದೆ. ಇನ್ನು ನನ್ನನ್ನು ಎತ್ತಂಗಡಿ ಮಾಡಲು ಯಾರಪ್ಪನಿಂದಲೂ ಆಗುವುದಿಲ್ಲ.

ಆ ವರ್ಷ ನಮ್ಮ ಸೀಮೆಯಲ್ಲಿ ಒಂದು ಡಕಾಯಿತರ ಗುಂಪು ಓಡಾಡುತ್ತಿತ್ತು. ಐದು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ದೋಚಿದರೆ ಕಾನೂನು ಅದನ್ನು ಡಕಾಯಿತಿ ಎನ್ನುತ್ತದೆ. ಕಡಿಮೆ ಜನರಿದ್ದರೆ ಬರೀ ಸುಲಿಗೆ. ಇವರು ಏಳು ಜನ. ಮುಖಂಡನಿಗೆ ಎದೆಯವರೆಗೆ ಗಡ್ಡವಿದ್ದುದರಿಂದ ಜನ ಅವನನ್ನು ತೆಲುಗಿನಲ್ಲಿ ‘ಗಡ್ಡಂ’ ಎಂದೇ ಕರೆಯುತ್ತಿದ್ದರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ ಗಾಡಿಯಲ್ಲಿ ಹಿಂತಿರುಗುವ ರೈತರನ್ನು ತಡೆಯುವುದು, ಸಿಕ್ಕಿದ್ದನ್ನು ಕಿತ್ತುಕೊಳ್ಳುವುದು, ಗೌರಿಬಿದನೂರಿನ ಆಚೆಯ ಗುಡ್ಡ ಹತ್ತಿ ಆಂಧ್ರಕ್ಕೆ ಇಳಿಯುವುದು ಅವರ ಪದ್ಧತಿ. ನಾವು ಗಡಿಯವರೆಗೆ ಓಡಿ ಏದುಸಿರು ಬಿಡುತ್ತಾ ನಿಲ್ಲುತ್ತಿದ್ದೆವು. ಅವರು ಆಚೆ ನಿಂತು ಬೀಡಿ ಹಚ್ಚುತ್ತಿದ್ದರು.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು ಪಿಳ್ಳಪ್ಪ. ಇಪ್ಪತ್ತು ತುಂಬಿರಬಹುದು, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ನನ್ನ ಸರಹದ್ದಿನ ಒಂದು ಹಳ್ಳಿಯವನೇ. ತಂದೆ ಇಲ್ಲ, ತಾಯಿ ಅಕ್ಕಯ್ಯಮ್ಮ ತುಂಡು ಹಿಪ್ಪುನೇರಳೆ ತೋಟ ಇಟ್ಟುಕೊಂಡು ಹುಳು ಸಾಕುತ್ತಿದ್ದಳು. ಬಾಡಿಗೆಗೆ ಗಾಡಿ ಹೊಡೆಯುತ್ತಿದ್ದ ಪಿಳ್ಳಪ್ಪ ಒಂದು ಸಲ ಗಡ್ಡಂ ಗುಂಪನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದವನು ಮತ್ತೆ ಮನೆಗೆ ಬರಲಿಲ್ಲ. ಆಮೇಲೆ ಅವನ ವಿಷಯವಾಗಿ ಹುಟ್ಟಿದ ಕಥೆಗಳನ್ನು ಕೇಳಬೇಕಿತ್ತು! ಓಡುವ ಬಸ್ಸಿನ ಮೇಲಿಂದ ಹಾರಿದನಂತೆ, ಗುಂಡು ಅವನ ಕಿವಿ ಸವರಿ ಹೋಯಿತಂತೆ. ಹೊಲ ಉಳುವ ಹುಡುಗರು ಅವನ ಹಾಗೆ ಕ್ರಾಪು ಬಿಡತೊಡಗಿದ್ದರು. ನಿಜ ಹೇಳಬೇಕೆಂದರೆ ಅವನು ಗುಂಪಿನಲ್ಲಿ ಗಾಡಿ ಹೊಡೆಯುವುದು, ಅನ್ನ ಬೇಯಿಸುವುದು, ಇಷ್ಟನ್ನೇ ಮಾಡುತ್ತಿದ್ದ. ಅದು ನನಗೆ ಗೊತ್ತಾದದ್ದು ಆಮೇಲೆ.

ಗಡ್ಡಂ ಗುಂಪು ದೋಚಿದವರಲ್ಲಿ ಪಿಳ್ಳಪ್ಪನ ಊರಿನ ಗೌಡರ ಅಳಿಯನೂ ಒಬ್ಬ. ಅಲ್ಲಿಂದ ಊರು ಅಕ್ಕಯ್ಯಮ್ಮನ ಮನೆಯ ಕಡೆ ತಿರುಗಿ ನೋಡುವುದನ್ನು ಬಿಟ್ಟಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸುಮ್ಮನೆ ಹೋಗುವುದನ್ನು ನಿಲ್ಲಿಸಿದರು. ಈ ಸಂಗತಿಯೇ ನನಗೆ ದಾರಿ ತೋರಿಸಿತು. ಹೇಗೆಂದು ಹೇಳಬೇಕಾದರೆ ಹುಳುವಿನ ವಿಷಯ ಸ್ವಲ್ಪ ಹೇಳಬೇಕು.

ರೇಷ್ಮೆಹುಳು ನಾಲ್ಕು ಸಲ ಸೊಪ್ಪು ಬಿಟ್ಟು ಮಲಗಿ, ಪೊರೆ ಕಳಚಿ ಏಳುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಗಲು ರಾತ್ರಿ ತಿನ್ನುತ್ತದೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಟ್ಟು, ಮೈ ಹಣ್ಣು ಬಾಳೆಯ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಆಧಾರ ಹುಡುಕತೊಡಗುತ್ತದೆ. ಹುಳು ಹಣ್ಣಾಯಿತು ಎಂದರೆ ಇದೇ. ಹಣ್ಣಾದವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ತಟ್ಟಿಗೆ, ಅವತ್ತೇ ಬಿಡಬೇಕು. ತಡವಾದರೆ ಸೊಪ್ಪು ಹಾಕಿ ಸಾಕಿದ ತಟ್ಟೆಯಲ್ಲೇ ನೂಲು ಚೆಲ್ಲಿ ಬೆಳೆ ಹಾಳು. ಒಬ್ಬರು ಇಬ್ಬರು ಮಾಡುವ ಕೆಲಸವಲ್ಲ. ಅದಕ್ಕೇ ನಮ್ಮ ಸೀಮೆಯಲ್ಲಿ ಒಂದು ಕಟ್ಟಳೆ ಇದೆ. ಹುಳು ಹಣ್ಣಾದ ಮನೆಯಿಂದ ಕರೆ ಬಂದರೆ ಹೋಗಲೇಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರೂ ಹೋಗುತ್ತಾರೆ, ಕೋರ್ಟಿನಲ್ಲಿ ಬಡಿದಾಡುವ ದಾಯಾದಿಗಳೂ ಹೋಗುತ್ತಾರೆ. ಆಯ್ದು, ಕೈ ತೊಳೆದು, ಮತ್ತೆ ಮಾತು ಬಿಟ್ಟು ಮನೆಗೆ ಬರುತ್ತಾರೆ.

ನಾನು ಗೌರಿಬಿದನೂರು ಕಡೆಯ ಒಕ್ಕಲು ಮನೆಯವನಾದರೂ ತಾಯಿಯ ತವರಿನಲ್ಲಿ ಹುಳು ಆಯ್ದು ಬೆಳೆದವನು. ಅಕ್ಕಯ್ಯಮ್ಮನ ಮನೆಗೆ ಈ ಸಲ ಊರಿನವರು ಯಾರೂ ಹೋಗುವುದಿಲ್ಲ. ಹಾಗಾದರೆ ಮಗ ಬರಲೇಬೇಕು. ಡಕಾಯಿತನಾದರೇನು, ಹುಳು ಸಾಕುವ ಮನೆಯ ಮಗ ತಾನೇ? ಈ ಲೆಕ್ಕಾಚಾರವನ್ನು ದಫೇದಾರ್ ಹೈದರ್ ಸಾಹೇಬರಿಗೆ ಹೇಳಿದೆ. ಅಲೀಪುರದವರು, ಸರ್ವಿಸಿನಲ್ಲಿ ನನಗಿಂತ ಬಹಳ ಹಿರಿಯರು. ನಶ್ಯ ಏರಿಸಿ ಒಂದು ಸೀನು ಸೀನಿ, “ತಾಯಿ ಕರೆದ್ರೆ ಬರ್ದೇ ಇರಬಹುದು ಸಾಬ್. ಹುಳ ಕರೆದ್ರೆ ಬರ್ತಾನೆ,” ಅಂದರು.

ಹುಳು ಹಣ್ಣಾದ ಸುದ್ದಿ ಬಂದ ದಿನ ಮಧ್ಯಾಹ್ನ ನಾನು, ಹೈದರ್ ಸಾಹೇಬರು, ಇಬ್ಬರು ಕಾನ್‌ಸ್ಟೇಬಲ್‌ಗಳು ಮಫ್ತಿಯಲ್ಲಿ ಹೋದೆವು. ಕಾನ್‌ಸ್ಟೇಬಲ್‌ಗಳನ್ನು ಹಿತ್ತಲಿಗೆ ನಿಲ್ಲಿಸಿ ನಾನೂ ಹೈದರ್ ಸಾಹೇಬರೂ ಮುಂಬಾಗಿಲಿಗೆ ಬಂದೆವು. ಬಾಗಿಲು ತೆರೆದೇ ಇತ್ತು. ಒಳಗೆ ಸೊಪ್ಪಿನ ವಾಸನೆ. ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡು ಪಿಳ್ಳಪ್ಪ ಒಂದು ದೊಡ್ಡ ಬಿದಿರು ತಟ್ಟೆ ಹಿಡಿದು ನಿಂತಿದ್ದ. ತಟ್ಟೆ ತುಂಬ ಹಣ್ಣು ಹುಳು. ನನ್ನನ್ನು ನೋಡಿದ. ಯಾರೆಂದು ತಕ್ಷಣ ತಿಳಿಯಿತು. ಕಣ್ಣು ಹಿತ್ತಲ ಕಡೆ ಓಡಿತು, ಕಾಲು ಓಡಲಿಲ್ಲ. ಓಡಬೇಕಾದರೆ ತಟ್ಟೆ ಕೈಬಿಡಬೇಕು. ಅವನು ಬಿಡಲಿಲ್ಲ.

ನಾನು ಹೊಸ್ತಿಲ ಮೇಲೆ ಕಾಲಿಟ್ಟೆ. ಮೂಲೆಯಿಂದ ಅಕ್ಕಯ್ಯಮ್ಮ ಎದ್ದು ಬಂದಳು. ಮಗನನ್ನು ಬಿಡಿ ಎಂದು ಕಾಲು ಹಿಡಿಯುತ್ತಾಳೆ ಎಂದುಕೊಂಡಿದ್ದೆ.

“ಕಾಲ್ ತೊಳ್ಕಂಡ್ ಬಾರಪ್ಪಾ! ನೀನು ಪೋಲೀಸ್ ಆದ್ರೆ ನಿಮ್ಮನೇಗೆ. ಆ ಸಾಬಣ್ಣನ ಮೂಗಲ್ಲಿ ಹೊಗೆಸೊಪ್ಪಿನ ಪುಡಿ ಐತೆ, ಅದನ್ನ ಆಚೆ ಇಕ್ಕು. ಹುಳ ಸಾಯ್ತವೆ.”

ನಾವು ಕಾಲು ತೊಳೆದುಕೊಂಡೆವು. ಹೈದರ್ ಸಾಹೇಬರು ನಶ್ಯದ ಡಬ್ಬಿಯನ್ನು ತುಳಸಿಕಟ್ಟೆಯ ಮೇಲಿಟ್ಟು ಮೂಗು, ಕೈ, ಮುಖ ಎಲ್ಲ ತೊಳೆದರು.

ಪಿಳ್ಳಪ್ಪ ನಿಂತಲ್ಲಿಂದಲೇ ಕೇಳಿದ: “ಸಾಮಿ, ಬೇಡಿ ಹಾಕೋ ಮುಂಚೆ ಇವನ್ನ ಬಿಟ್ ಬರ್ಲಾ? ಅಮ್ಮ ಒಬ್ಳೇ. ಇವತ್ತು ಆಗ್ದೇ ಹೋದ್ರೆ ಎಲ್ಲಾ ಮಣ್ಣು.”

ಪೊಲೀಸ್ ಟ್ರೈನಿಂಗಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ತಟ್ಟೆಯಲ್ಲಿ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. “ಎರಡು ಬಾಗಿಲಲ್ಲೂ ನಮ್ಮವರಿದ್ದಾರೆ. ಮುಗಿಸು,” ಎಂದೆ. ಅವನು ಒಬ್ಬನೇ ಮುಗಿಸುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ನಾನೂ ಕೂತೆ. ಹೈದರ್ ಸಾಹೇಬರೂ ಕೂತರು. ಕೊನೆಗೆ ಒಬ್ಬ ಕಾನ್‌ಸ್ಟೇಬಲನನ್ನೂ ಒಳಗೆ ಕರೆದೆ. ಸರ್ಕಾರದ ಸಂಬಳ ತಿನ್ನುವ ಮೂವರೂ ಒಬ್ಬ ಡಕಾಯಿತನೂ ಸಂಜೆಯವರೆಗೆ ಎದುರುಬದುರು ಕೂತು ಹುಳು ಆಯ್ದೆವು. ಎದುರು ಮನೆಯವರು ಬಾಗಿಲ ಸಂದಿಯಿಂದ ಇಣುಕಿ ನೋಡಿದರು. ನೋಡಲಿ! ಅವರು ಬರಬೇಕಾದ ಜಾಗದಲ್ಲಿ ಪೊಲೀಸಿನವರು ಕೂತಿದ್ದರು.

ಕೊನೆಯ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದ ಮೇಲೆ ಪಿಳ್ಳಪ್ಪ ತಾನೇ ಬಂದು ಕೈ ನೀಡಿದ.

ಕೇಸು ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದೇ ಸಂಜೆ, ನಾವು ಹುಳು ಆಯುತ್ತಿದ್ದ ಹೊತ್ತಿನಲ್ಲೇ, ಕೈವಾರದ ಕಡೆಯ ಬೆಟ್ಟದಲ್ಲಿ ಗಡ್ಡಂ ಗುಂಪಿನವರು ಪಕ್ಕದ ಠಾಣೆಯ ಗಸ್ತಿನ ಮೇಲೆ ಗುಂಡು ಹಾರಿಸಿದ್ದರು. ಒಬ್ಬ ಕಾನ್‌ಸ್ಟೇಬಲ್ ಸತ್ತುಹೋಗಿದ್ದ. ಮದುವೆಯಾಗಿ ವರ್ಷವಾಗಿರಲಿಲ್ಲ. ಗುಂಪು ಆಂಧ್ರಕ್ಕೆ ಇಳಿದುಹೋಗಿತ್ತು. ಇಲಾಖೆಗೆ ಇಲಾಖೆಯೇ ಕೆರಳಿತ್ತು. ನನಗೂ ಸಂಕಟವಾಗಿತ್ತು, ಇಲ್ಲವೆನ್ನುವುದಿಲ್ಲ.

ಮರುದಿನ ಬೆಳಗ್ಗೆ ಡಿವೈಎಸ್‌ಪಿ ಸಾಹೇಬರು ಜೀಪಿನಲ್ಲಿ ಬಂದರು. ಪಿಳ್ಳಪ್ಪನನ್ನು ಲಾಕಪ್ಪಿನಲ್ಲಿ ನೋಡಿ, ಹತ್ತು ನಿಮಿಷ ಅವನೊಬ್ಬನ ಹತ್ತಿರವೇ ಮಾತಾಡಿ, ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ಅವರು ಹೇಳಿದ್ದು ಸರಳ. ಇವನನ್ನು ಹಿಡಿದದ್ದು ಮನೆಯಲ್ಲಲ್ಲ, ಬೆಟ್ಟದ ಮೇಲೆ. ಕೈಯಲ್ಲಿ ನಾಡಕೋವಿ ಇತ್ತು. ಗುಂಡು ಹಾರಿಸಿದವರಲ್ಲಿ ಇವನೂ ಒಬ್ಬ. ಹಾಗೆಂದು ರಿಪೋರ್ಟ್ ಬರೆಯಬೇಕು.

“ಸಾರ್, ಗುಂಡು ಹಾರಿದಾಗ ಅವನು ನನ್ನ ಎದುರಿಗೇ ಕೂತಿದ್ದ,” ಎಂದೆ.

“ನೀವು ಅವನ ಜೊತೆ ಹುಳು ಹೆಕ್ಕುತ್ತಾ ಕೂತಿದ್ದಿರಿ ಅಂತ ಮೇಲಕ್ಕೆ ಬರೀಲಾ? ನಾನು ಹೇಳಿದ ಹಾಗೆ ಬರೀರಿ, ನಿಮಗೂ ಒಳ್ಳೇದು, ಇಲಾಖೆಗೂ ಒಳ್ಳೇದು. ಸತ್ತವನ ಹೆಂಡತಿಗೆ ಏನು ಉತ್ತರ ಕೊಡ್ತೀರಿ?”

“ನಿಜ ಹೇಳ್ತೀನಿ ಸಾರ್. ಗಡ್ಡಂನ ಹಿಡಿಯೋಣ. ಗಡ್ಡಂ ಸಿಗಲಿಲ್ಲ ಅಂತ ಅವನ ಅಡುಗೆಯವನನ್ನು ಗಲ್ಲಿಗೆ ಹಾಕೋದು ಬೇಡ.”

ಅವರು ಹೈದರ್ ಸಾಹೇಬರನ್ನು ಕರೆಸಿ, ರಿಟೈರ್ ಆಗುವ ಮುಂಚೆ ಬಡ್ತಿಯ ಮಾತು ತೆಗೆದರು. ದಫೇದಾರರು ಅಟೆನ್ಷನ್‌ನಲ್ಲಿ ನಿಂತು ಒಂದೇ ಮಾತು ಹೇಳಿದರು: “ಈ ಕೈಯಲ್ಲಿ ನಿನ್ನೆ ಹುಳ ಆಯ್ದಿದೀನಿ ಹುಜೂರ್. ಇದೇ ಕೈ ಎತ್ತಿ ಸುಳ್ಳು ಪ್ರಮಾಣ ಮಾಡೋಕಾಗಲ್ಲ.”

ಸಾಹೇಬರು ನಕ್ಕರು. “ನೀವಿಬ್ಬರೂ ಬೇಡ. ಅವನೇ ಒಪ್ಕೋತಾನೆ.”

ನಾನು ನಂಬಲಿಲ್ಲ. ಲಾಕಪ್ಪಿಗೆ ಹೋಗಿ ಕೇಳಿದೆ. ಪಿಳ್ಳಪ್ಪ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇದ್ದನಂತೆ, ಕಣ್ಣು ಕೆಂಪಾಗಿತ್ತು.

“ಬೆಟ್ಟದ ಮೇಲೆ ಹಿಡಿದ್ರು ಅಂತ್ಲೇ ಬರ್ಕಳಿ ಸಾಮಿ.”

“ಒಬ್ಬ ಸತ್ತಿದಾನೆ ಕಣೋ. ಗಲ್ಲಾಗುತ್ತೆ.”

“ಆಗ್ಲಿ ಬಿಡಿ. ಗಡ್ಡಂ ಗುಂಪಿನ ಪಿಳ್ಳಪ್ಪ ಹುಳ ಆಯ್ತಾ ಸಿಕ್ಕಾಕ್ಕಂಡ ಅಂದ್ರೆ ಊರೆಲ್ಲಾ ನಗ್ತೈತೆ. ಕೋವಿ ಹಿಡ್ದು ಸಿಕ್ದ ಅಂದ್ರೆ ಮರ್ಯಾದೆ.”

ನನಗೆ ಮೈ ಉರಿಯಿತು. ಅವನಿಗೋಸ್ಕರ ನಾನು ಕೆಲಸ ಕಳೆದುಕೊಳ್ಳಲು ಸಿದ್ಧನಾಗಿ ನಿಂತಿದ್ದರೆ ಇವನು ಕ್ರಾಪು ನೇವರಿಸಿಕೊಂಡು ಗಲ್ಲಿಗೆ ಹೊರಟಿದ್ದಾನೆ! ಬಾಯಿಗೆ ಬಂದ ಹಾಗೆ ಬೈದೆ.

ಹಿಡಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಕಾನೂನು. ಅಂದು ಮಧ್ಯಾಹ್ನ ಚಿಕ್ಕಬಳ್ಳಾಪುರದ ಕೋರ್ಟಿಗೆ ಕರೆದುಕೊಂಡು ಹೋದೆವು. ಡಿವೈಎಸ್‌ಪಿ ಸಾಹೇಬರು ಮುಂದಿನ ಕುರ್ಚಿಯಲ್ಲಿ ಕೂತರು. ಅಕ್ಕಯ್ಯಮ್ಮ ಬಸ್ಸು ಹತ್ತಿ ಬಂದವಳು ಬಾಗಿಲ ಹತ್ತಿರ ನಿಂತಿದ್ದಳು. ಮ್ಯಾಜಿಸ್ಟ್ರೇಟರು ಮಧ್ಯವಯಸ್ಸಿನವರು, ಮೆತ್ತನೆ ಮಾತಿನವರು. “ನಿನ್ನನ್ನು ಎಲ್ಲಿ ಹಿಡಿದರಪ್ಪಾ?” ಎಂದು ಕೇಳಿದರು.

“ಬೆಟ್ಟದ ಮೇಲೆ ಸಾಮಿ. ಕೋವಿ ಇತ್ತು ಕೈಯಾಗೆ.”

ನಾನು ಎದ್ದು ನಿಂತೆ. ಸಾಹೇಬರು ಹಿಂದಕ್ಕೆ ತಿರುಗಿ ಕಣ್ಣು ಬಿಟ್ಟರು. ಬಿಡಲಿ ಎಂದುಕೊಂಡು ಹೇಳಿದೆ: “ಇದು ಸುಳ್ಳು, ಸ್ವಾಮಿ. ನಿನ್ನೆ ಮಧ್ಯಾಹ್ನ ಇವನನ್ನು ಇವನ ಮನೆಯಲ್ಲಿ ಹಿಡಿದವನು ನಾನೇ. ಇವನ ಹತ್ತಿರ ಯಾವ ಆಯುಧವೂ ಇರಲಿಲ್ಲ.”

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. ಪೊಲೀಸಿನವನು ಆರೋಪಿಯ ಪರ ಮಾತಾಡುತ್ತಿದ್ದಾನೆ, ಆರೋಪಿ ತನ್ನ ವಿರುದ್ಧ ತಾನೇ ಹೇಳುತ್ತಿದ್ದಾನೆ. ಅಂಥದ್ದನ್ನು ಅವರು ಕಂಡಿರಲಿಕ್ಕಿಲ್ಲ. “ನಿಜ ಹೇಳು, ಹೆದರಬೇಡ,” ಎಂದರು. ಪಿಳ್ಳಪ್ಪ ಬೇಡಿ ಹಾಕಿದ ಕೈಗಳನ್ನೇ ಎತ್ತಿ ಮುಗಿದು, “ಬೆಟ್ಟದ ಮೇಲೇ ಸಾಮಿ,” ಎಂದ.

ಕೈ ಎತ್ತಿದಾಗ ಬೆಂಚ್ ಕ್ಲಾರ್ಕ್ ಬಗ್ಗಿ ನೋಡಿದರು. “ಅದೇನು, ಅಂಗಿ ತೋಳಲ್ಲಿ?”

ಎಡತೋಳಿನ ಮಡಿಕೆಯ ಹಿಂಬದಿಯಲ್ಲಿ ಏನೋ ಹಳದಿಯಾಗಿ ಉಬ್ಬಿತ್ತು. ಒಬ್ಬ ಕಾನ್‌ಸ್ಟೇಬಲ್ ಕೈ ಹಾಕಲು ಹೋದ. ಬಾಗಿಲಿನಿಂದ ಅಕ್ಕಯ್ಯಮ್ಮ ಕೂಗಿದಳು.

“ಅಯ್ಯೋ, ಮುಟ್ಟಬ್ಯಾಡ್ರಪ್ಪಾ! ಹುಳ ಗೂಡ್ ಕಟ್ತಾ ಐತೆ!”

ಕಾನ್‌ಸ್ಟೇಬಲ್ ಕೈ ಹಿಂದಕ್ಕೆ ತೆಗೆದ. ಕೋರ್ಟಿನಲ್ಲಿ ಯಾರೂ ಅಲುಗಾಡಲಿಲ್ಲ. ಅಲ್ಲಿದ್ದ ಜವಾನ, ಕ್ಲಾರ್ಕು, ವಕೀಲರು, ಎಲ್ಲರೂ ಆ ಸೀಮೆಯವರೇ. ಗೂಡು ಕಟ್ಟುವ ಹುಳುವನ್ನು ಕದಲಿಸಬಾರದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮ್ಯಾಜಿಸ್ಟ್ರೇಟರು ಎದ್ದು, ಕೆಳಗಿಳಿದು ಬಂದು, ಅವನ ತೋಳಿನ ಹತ್ತಿರ ಮುಖ ತಂದು ನೋಡಿದರು. ನಾನೂ ನೋಡಿದೆ. ಗೂಡು ಇನ್ನೂ ತೆಳ್ಳಗಿತ್ತು. ಒಳಗೆ ಹುಳು ತಲೆ ಆಡಿಸುತ್ತಾ ನೂಲು ಸುತ್ತುತ್ತಿರುವುದು ಕಾಣುತ್ತಿತ್ತು. ಹುಳು ಕಟ್ಟಲು ಶುರುಮಾಡಿ ಒಂದು ದಿನವಾಗಿದೆ ಎಂದು ನಮ್ಮ ಕಡೆಯ ಯಾರಾದರೂ ಹೇಳಿಯಾರು. ಲಾಕಪ್ಪಿಗೆ ಹಾಕುವಾಗ ನಾವು ಅವನ ಜೇಬು ನೋಡಿದ್ದೆವು, ಸೊಂಟ ನೋಡಿದ್ದೆವು. ತೋಳಿನ ಮಡಿಕೆ ನೋಡುವುದು ಯಾರಿಗೂ ಹೊಳೆದಿರಲಿಲ್ಲ. ಅವನು ರಾತ್ರಿ ಒಂದು ಸಲ ಮಗ್ಗುಲಾಗಿದ್ದರೂ ಅದು ಸತ್ತುಹೋಗಿರುತ್ತಿತ್ತು.

ಮ್ಯಾಜಿಸ್ಟ್ರೇಟರು ಮೆಲ್ಲಗೆ ಕೇಳಿದರು: “ಬೆಟ್ಟದ ಮೇಲೆ ಯಾರಪ್ಪಾ ಹುಳು ಸಾಕ್ತಾರೆ?”

ಪಿಳ್ಳಪ್ಪ ತನ್ನ ತೋಳನ್ನು ನೋಡಿಕೊಂಡ. ಮುಖ ಕಿವುಚಿತು. “ನಮ್ಮಮ್ಮನ ಹುಳ ಸಾಮಿ,” ಎಂದವನು ಚಿಕ್ಕ ಮಗುವಿನ ಹಾಗೆ ಅಳತೊಡಗಿದ. ಅಳುತ್ತಲೇ ಹೇಳಿದ. ಮನೆಯಲ್ಲಿ ಸಿಕ್ಕೆ ಎಂದರೆ ತಾಯಿಯೂ ಜೈಲಿಗೆ ಹೋಗುತ್ತಾಳೆ ಎಂದು ದೊಡ್ಡ ಸಾಹೇಬರು ಬೆಳಗ್ಗೆ ಹೇಳಿದ್ದರಂತೆ. ಡಕಾಯಿತನಿಗೆ ಆಶ್ರಯ ಕೊಡುವುದೂ ಅಪರಾಧವೇ; ಗಂಡ ಹೆಂಡತಿಗೆ ಅದರಲ್ಲಿ ವಿನಾಯಿತಿ ಇದೆ, ತಾಯಿಗೆ ಇಲ್ಲ. ಮರ್ಯಾದೆ ಗಿರ್ಯಾದೆ ಎಂದು ನನ್ನ ಮುಂದೆ ಬೊಗಳೆ ಬಿಟ್ಟದ್ದೆಲ್ಲ ಇದಕ್ಕೆ ಹೊದಿಸಿದ ಬಟ್ಟೆ. ಇಪ್ಪತ್ತರ ಹುಡುಗ ತಾಯಿಗೋಸ್ಕರ ಗಲ್ಲಿಗೆ ಹೊರಟಿದ್ದ. ಅವನನ್ನು ನಾನು ಬಾಯಿಗೆ ಬಂದ ಹಾಗೆ ಬೈದಿದ್ದೆ.

ಅಷ್ಟರಲ್ಲಿ ಅಕ್ಕಯ್ಯಮ್ಮ ಜವಾನನನ್ನು ತಳ್ಳಿಕೊಂಡು ಒಳಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ನಾನೇ ಕರೆಸ್ದೆ ಸಾಮಿ. ಹುಳ ಹಣ್ಣಾಗಿತ್ತು, ಊರ್ನೋರು ಯಾರೂ ಬರ್ಲಿಲ್ಲ, ಮಗನ್ನ ಕರೆಸ್ದೆ. ತಪ್ಪಾದ್ರೆ ನನ್ನ ಹಾಕಿ ಜೈಲ್ಗೆ, ಹೆದ್ರಲ್ಲ. ಗೂಡ್ ಬಿಡಿಸೋಕೆ ಇನ್ನೈದು ದಿನ ಐತೆ. ಬಿಡಿಸಿಟ್ಟು ನಾನೇ ನಡ್ಕಂಡ್ ಬರ್ತೀನಿ.” ಆಮೇಲೆ ಡಿವೈಎಸ್‌ಪಿ ಸಾಹೇಬರ ಕಡೆ ತಿರುಗಿದಳು. “ನಿನ್ ಪೋಲೀಸ್ನೋರೂ ಆಯ್ದವ್ರೆ. ಅವ್ರನ್ನೂ ಹಾಕು ನನ್ ಜೊತೇಗೆ!”

ಹಿಂದೆ ಯಾರೋ ಫಕ್ಕನೆ ನಕ್ಕರು. ಹೈದರ್ ಸಾಹೇಬರು ಎಂದು ನನಗೆ ಅನುಮಾನ. ಮ್ಯಾಜಿಸ್ಟ್ರೇಟರು ಹಿಂದಿರುಗಿ ಹೋಗಿ ಕೂತು, ಆರೋಪಿ ಹೇಳಿದ್ದನ್ನೂ ನಾನು ಹೇಳಿದ್ದನ್ನೂ ತೋಳಿನಲ್ಲಿ ಕಂಡದ್ದನ್ನೂ ತಮ್ಮ ಕೈಯಿಂದಲೇ ಬರೆದುಕೊಂಡರು. ಪಿಳ್ಳಪ್ಪನನ್ನು ರಿಮಾಂಡಿಗೆ, ಅಂದರೆ ವಿಚಾರಣೆಯವರೆಗೆ ಜೈಲಿಗೆ ಕಳಿಸಿದರು. ಅಂಗಿ ಮಾತ್ರ ಅವನ ಮೈಮೇಲೆ ಹಾಗೇ ಇರಲಿ, ಹುಳು ತನ್ನ ಕೆಲಸ ಮುಗಿಸಿದ ಮೇಲೆ ತೆಗೆದಿಡಿ ಎಂದರು. ಅಕ್ಕಯ್ಯಮ್ಮನ ಮೇಲೆ ಯಾರೂ ಕೇಸು ಹಾಕಲಿಲ್ಲ. ಹಾಕಿದ್ದರೆ ಮೊದಲನೇ ಸಾಕ್ಷಿಯಾಗಿ ನಾನು ಹೋಗುತ್ತಿದ್ದೆ, ಅವಳ ಪರವಾಗಿ. ಅದು ಸಾಹೇಬರಿಗೂ ಗೊತ್ತಿತ್ತು.

ಬೆಟ್ಟದ ಕೊಲೆಯ ಕೇಸಿನಲ್ಲಿ ಪಿಳ್ಳಪ್ಪನ ಹೆಸರು ಬರಲಿಲ್ಲ. ಹಳೆಯ ಡಕಾಯಿತಿಗಳಿಗೆ ಅವನಿಗೆ ಶಿಕ್ಷೆಯಾಯಿತು. ಆಗಬೇಕಾದದ್ದೇ, ದೋಚಿದವರ ಜೊತೆ ಇದ್ದವನು. ಗಡ್ಡಂ ಮರುವರ್ಷ ಆಂಧ್ರದವರ ಕೈಗೆ ಸಿಕ್ಕಿದ. ಸತ್ತ ಕಾನ್‌ಸ್ಟೇಬಲನ ಹೆಂಡತಿಗೆ ನಿಜವಾದ ಉತ್ತರ ಸಿಕ್ಕಿದ್ದು ಅವತ್ತು.

ನನಗೆ ಒಂದು ಮೆಮೋ ಬಂತು. ತಲೆತಪ್ಪಿಸಿಕೊಂಡಿದ್ದ ಡಕಾಯಿತ ಕಣ್ಣಿಗೆ ಬಿದ್ದ ಮೇಲೂ ತಕ್ಷಣ ಬೇಡಿ ಹಾಕದೆ ಸಂಜೆಯವರೆಗೆ ಬಿಟ್ಟದ್ದೇಕೆ, ಕಾರಣ ತಿಳಿಸಿ ಎಂದು. ಕಾರಣ ಬರೆದೆ: “ಹುಳು ಹಣ್ಣಾಗಿತ್ತು.” ಇದು ಉದ್ಧಟತನ ಎಂದು ಇನ್ನೊಂದು ಮೆಮೋ ಬಂತು. ಬಡ್ತಿ ನಿಂತಿತು. ಎತ್ತಂಗಡಿಯ ಮೇಲೆ ಎತ್ತಂಗಡಿ. ನನ್ನ ಹೆಂಡತಿ ಪಾತ್ರೆ ಪಡಗ ಕಟ್ಟುವುದರಲ್ಲಿ ಪಳಗಿಬಿಟ್ಟಳು. ಬಗ್ಗಿ ಒಂದು ಕ್ಷಮಾಪಣೆ ಬರೆದುಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹಿತೈಷಿಗಳು ಹೇಳಿದರು. ಬರೆಯಲಿಲ್ಲ. ಯಾವುದಕ್ಕೆಂದು ಬರೆಯಲಿ? ಕಳ್ಳನನ್ನು ಹಿಡಿಯುವುದು ನನ್ನ ಕೆಲಸ, ಹಿಡಿದೆ. ಅವನು ಮಾಡದ ಕೊಲೆಯನ್ನು ಅವನ ತಲೆಗೆ ಕಟ್ಟುವುದು ನನ್ನ ಕೆಲಸವಲ್ಲ, ಕಟ್ಟಲಿಲ್ಲ. ಒಬ್ಬ ಹೆಂಗಸಿನ ಬೆಳೆ ಉಳಿಸಿದ್ದಕ್ಕೆ ಯಾವ ಸೆಕ್ಷನ್ನಿನಲ್ಲೂ ಶಿಕ್ಷೆಯಿಲ್ಲ. ಖಾಕಿ ಹಾಕಿಕೊಂಡು ನಾನು ಕಲಿತದ್ದು ಇಷ್ಟು: ಕಾನೂನು ಒಂದು ಸಂಜೆ ಕಾದರೆ ಕೆಡುವುದಿಲ್ಲ, ಸುಳ್ಳು ಹೇಳಿದರೆ ಕೆಡುತ್ತದೆ.

ಕೆಲವು ವರ್ಷಗಳ ಮೇಲೆ ನಾನು ಗೌರಿಬಿದನೂರಿನ ಕಡೆ ಕೆಲಸದಲ್ಲಿದ್ದಾಗ, ಒಂದು ಬೆಳಗ್ಗೆ ಒಬ್ಬ ಯುವಕ ಮನೆ ಬಾಗಿಲಿಗೆ ಬಂದು ನಿಂತ. ಕ್ರಾಪು ಇರಲಿಲ್ಲ, ಮೀಸೆ ದಟ್ಟವಾಗಿತ್ತು. ಜೈಲಿನಿಂದ ಬಂದು ಐದಾರು ತಿಂಗಳಾಗಿತ್ತಂತೆ. ಒಳಗೆ ಕರೆದರೂ ಬರಲಿಲ್ಲ.

“ಕೂರೋಕೆ ಟೈಮಿಲ್ಲ ಸಾಮಿ. ಹುಳ ಹಣ್ಣಾಗೈತೆ. ಅಮ್ಮ ಕರ್ಕಂಡ್ ಬಾ ಅಂದ್ಲು.”

“ಊರಿನವರು ಬರ್ತಾರೇನೋ ಈಗ?”

“ಬರ್ತಾರೆ ಸಾಮಿ. ಗೌಡ್ರ ಮನೆಯೋರೂ ಬಂದವ್ರೆ. ಆದ್ರೂ ನಿಮ್ಮನ್ನ ಕರೀದೆ ಚಂದ್ರಿಕೆ ಇಳಿಸಲ್ಲ ಅಂತ ಕುಂತವ್ಳೆ ಅಮ್ಮ.”

ಅಂದು ನನಗೆ ಡ್ಯೂಟಿ ಇತ್ತು. ರಜೆ ಕೇಳಿದರೆ ಕೊಡುತ್ತಿರಲಿಲ್ಲ, ಆದ್ದರಿಂದ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಬಸ್ಸು ಹತ್ತಿದೆ. ವಾರದೊಳಗೆ ಮೆಮೋ ಬಂತು: ಅನುಮತಿಯಿಲ್ಲದೆ ಗೈರುಹಾಜರಾದದ್ದೇಕೆ, ಕಾರಣ ತಿಳಿಸಿ.

ಅದಕ್ಕೂ ಅದೇ ಎರಡು ಪದ ಬರೆದು ಸಹಿ ಹಾಕಿದೆ.